ನಿಂತವನ ಅಳತೆ

"ಗುರುಗಳೇ, ಗಾಲ್ಫ್ ಕೋಲುಗಳನ್ನು ಮೈಯಳತೆಗೆ ಮಾಡಿಸಿಕೊಳ್ಳುವುದರಿಂದ ನಿಜವಾಗಿ ಪ್ರಯೋಜನವಿದೆಯೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಜಯತೀರ್ಥ. ಗುರುಗಳು ಬಹಳ ಕಾಲದಿಂದ ಆ ಬಯಲಿನಲ್ಲಿ ಗಾಲ್ಫ್ ಕಲಿಸುತ್ತಿದ್ದವರು. ಆಟ ಮುಗಿದಿತ್ತು. ಇಬ್ಬರೂ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು.

"ಅಂಗಡಿಯಲ್ಲಿ ಸಿಕ್ಕ ಕೋಲುಗಳಲ್ಲೇ ಇಷ್ಟು ದಿನ ಆಡಿದೆ. ಕೈ ಸರಿಯಿದ್ದರೆ ಯಾವ ಕೋಲಾದರೂ ಸರಿ ಎಂದು ಕೆಲವರು ಹೇಳುತ್ತಾರೆ. ಅಳತೆ ತಪ್ಪಿದ ಕೋಲು ಕೈಯನ್ನೇ ಕೆಡಿಸುತ್ತದೆ ಎಂದು ಕೆಲವರು ಹೇಳುತ್ತಾರೆ. ನಗರದಿಂದ ಅಳೆಯುವವರು ನಾಳೆ ಬರುತ್ತಾರಂತೆ. ಹೋಗಿ ನಿಲ್ಲಲೋ, ಬೇಡವೋ ತಿಳಿಯುತ್ತಿಲ್ಲ."

 ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಧಾನ್ಯದ ವ್ಯಾಪಾರಿ ಇದ್ದ. ಅವನಿಗೊಬ್ಬ ತಮ್ಮ. ಇಬ್ಬರಿಗೂ ಮದುವೆಯಾಗಿತ್ತು. ಒಂದೇ ಮನೆ, ಒಂದೇ ಅಂಗಡಿ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಳು. ಊರ ಹೊರಗೆ, ಹಿಂದೆ ಗಣಿ ನಡೆಸುತ್ತಿದ್ದವರು ಬಿಟ್ಟುಹೋದ ಗಾಲ್ಫ್ ಬಯಲಿತ್ತು. ಹುಲ್ಲು ಕಡಿಮೆ. ಚೆಂಡು ಬೀಳಿಸುವ ಕುಳಿಗಳ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿ ತಟ್ಟಿದ ಮರಳು. ಅಣ್ಣ ಸಂಜೆ ಅಲ್ಲಿಗೆ ಆಡಲು ಹೋಗುತ್ತಿದ್ದ. ತಮ್ಮ ಜೊತೆಯಲ್ಲಿ ನಡೆಯುತ್ತಿದ್ದ, ಆಡುತ್ತಿರಲಿಲ್ಲ. ಅಣ್ಣನ ಆಟ ನೋಡುವುದೇ ಅವನಿಗೆ ಸಾಕಾಗಿತ್ತು.

ಒಮ್ಮೆ ಗೋದಾಮಿನಲ್ಲಿ ಚೀಲಗಳ ರಾಶಿ ಜಾರಿ ಅಣ್ಣನ ಮೇಲೆ ಬಿತ್ತು. ಜೀವ ಉಳಿಯಿತು. ಎಡಸೊಂಟ ಬಿಗಿದುಕೊಂಡಿತು. ಬಲಗೈಯ ಕೊನೆಯ ಎರಡು ಬೆರಳುಗಳು ಒಳಕ್ಕೆ ಮಡಿಚಿಕೊಂಡವು, ಮತ್ತೆ ಬಿಚ್ಚಲಿಲ್ಲ. ಅಂದಿನಿಂದ ಅವನು ಕಾಲೆಳೆದು ನಡೆಯುತ್ತಿದ್ದ. ಬಯಲಿಗೆ ಹೋಗಿ ಹೊಡೆದರೆ ಚೆಂಡು ಎಲ್ಲೆಲ್ಲೋ ಹೋಗುತ್ತಿತ್ತು. ಆಟ ಬಿಟ್ಟ. ಆಟ ಬಿಟ್ಟ ಮೇಲೆ ಊಟವೂ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು.

ಆ ಊರಿನಲ್ಲಿ ಗಾಲ್ಫ್ ಕೋಲು ಮಾಡುವ ಕಸುಬುದಾರನೊಬ್ಬನಿದ್ದ. ತಮ್ಮ ಹೋಗಿ ಅವನನ್ನು ಕರೆತಂದ. ಕಸುಬುದಾರ ಅಣ್ಣನನ್ನು ಬಯಲಿನಲ್ಲಿ ನಿಲ್ಲಿಸಿದ. ಸುತ್ತಲೂ ನಡೆದು ನೋಡಿದ. ಮಣಿಕಟ್ಟಿನಿಂದ ನೆಲದವರೆಗೆ ನೂಲು ಹಿಡಿದು ಗಂಟು ಹಾಕಿದ. ಮಡಿಚಿದ ಬೆರಳುಗಳನ್ನು ಮುಟ್ಟಿ ನೋಡಿದ. ಬಿಗಿದ ಸೊಂಟ ಎಷ್ಟು ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿದ. ಆಮೇಲೆ ಕೋಲುಗಳನ್ನು ಮಾಡಿಕೊಟ್ಟ. ಅವು ಬೇರೆಯವರ ಕೋಲುಗಳಿಗಿಂತ ಗಿಡ್ಡ. ಕಬ್ಬಿಣದ ತಲೆ ಸ್ವಲ್ಪ ಓರೆ. ಮರದ ಹಿಡಿಯಲ್ಲಿ ಆ ಎರಡು ಬೆರಳು ಕೂರುವಷ್ಟು ತಗ್ಗು.

ಅಣ್ಣ ಹೊಡೆದ. ಚೆಂಡು ನೇರವಾಗಿ ಹೋಯಿತು. ಚೀಲಗಳು ಮೈಮೇಲೆ ಬೀಳುವ ಮೊದಲು ಹೇಗೆ ಹೋಗುತ್ತಿತ್ತೋ ಹಾಗೆಯೇ ಹೋಯಿತು. ಅಣ್ಣ ಕೋಲನ್ನು ಎದೆಗೆ ಒತ್ತಿಕೊಂಡು ಅತ್ತ. ಮುಂದೆ ಬದುಕಿರುವಷ್ಟು ಕಾಲ ಅವನು ಸಂತೋಷವಾಗಿ ಆಡಿದ. ಆದ್ದರಿಂದ ಮೈಯಳತೆಯ ಕೋಲಿನಿಂದ ಪ್ರಯೋಜನವಿಲ್ಲ ಎಂದು ನಾನು ಹೇಳುವುದಿಲ್ಲ.

ಕೆಲವು ವರ್ಷ ಕಳೆದವು. ಜ್ವರ ಬಂದು ಅಣ್ಣ ತೀರಿಹೋದ. ಕರ್ಮಗಳೆಲ್ಲ ಮುಗಿದವು. ಅಣ್ಣನ ಬಟ್ಟೆಗಳನ್ನು ಹಂಚಿದರು. ಕೋಲುಗಳು ಉಳಿದವು. ತಮ್ಮ ಅವುಗಳನ್ನು ಬೆನ್ನಿಗೆ ಹಾಕಿಕೊಂಡು ಬಯಲಿಗೆ ಹೋದ.

ತಮ್ಮನ ಮೈ ನೆಟ್ಟಗಿತ್ತು. ಆ ಕೋಲು ಅವನಿಗೆ ಗಿಡ್ಡವಾಯಿತು. ಚೆಂಡು ಪಕ್ಕಕ್ಕೆ ಸಿಡಿಯಿತು. ಅಣ್ಣ ಹೇಗೆ ನಿಲ್ಲುತ್ತಿದ್ದ ಎಂಬುದನ್ನು ನೆನಪಿಸಿಕೊಂಡು ಎಡಸೊಂಟವನ್ನು ಸ್ವಲ್ಪ ಬಿಗಿಹಿಡಿದ. ಚೆಂಡು ಸ್ವಲ್ಪ ನೇರವಾಗಿ ಹೋಯಿತು. ಇನ್ನಷ್ಟು ಬಿಗಿಹಿಡಿದ. ಇನ್ನಷ್ಟು ನೇರವಾಗಿ ಹೋಯಿತು. ಹಿಡಿಯ ತಗ್ಗಿನಲ್ಲಿ ಅವನ ಎರಡು ಬೆರಳುಗಳು ತಾವಾಗಿಯೇ ಮಡಿಚಿ ಕುಳಿತವು. ಅಣ್ಣ ಇನ್ನೂ ಹತ್ತಿರದಲ್ಲೇ ಇದ್ದಾನೆ ಎಂದು ಅವನಿಗೆ ಅನ್ನಿಸಿತು. ಮರುದಿನವೂ ಹೋದ. ಪ್ರತಿದಿನವೂ ಹೋದ.

ಬೇಸಿಗೆ ಮುಗಿಯುವ ಹೊತ್ತಿಗೆ ಅವನು ಅಣ್ಣನಷ್ಟೇ ಚೆನ್ನಾಗಿ ಹೊಡೆಯುತ್ತಿದ್ದ. ದೂರದಿಂದ ನೋಡಿದವರು ಸತ್ತ ಅಣ್ಣನೇ ಎಂದುಕೊಂಡು ನಡೆಯುತ್ತಿದ್ದಲ್ಲೇ ನಿಂತುಬಿಡುತ್ತಿದ್ದರು.

ಆಮೇಲೆ ಅದು ಬಯಲಿನಲ್ಲಿ ಮಾತ್ರ ಉಳಿಯಲಿಲ್ಲ. ಅವನು ಮನೆಯಲ್ಲಿಯೂ ಕಾಲೆಳೆದು ನಡೆಯತೊಡಗಿದ. ಊಟಕ್ಕೆ ಕುಳಿತಾಗ ಎರಡು ಬೆರಳು ಬಿಚ್ಚುತ್ತಿರಲಿಲ್ಲ. ವೈದ್ಯರು ನೋಡಿದರು. ಮೂಳೆಯಲ್ಲಿ ದೋಷವಿಲ್ಲ, ನರದಲ್ಲಿ ದೋಷವಿಲ್ಲ ಎಂದರು. ಅಂಗಡಿಯಲ್ಲಿ ಅವನು ಅಣ್ಣ ಕೂರುತ್ತಿದ್ದ ಕಡೆ ಕುಳಿತ. ಮಾತಿಗೆ ಮೊದಲು ಅಣ್ಣನಂತೆ ಗಂಟಲು ಸರಿಮಾಡಿಕೊಂಡ. ತಾಯಿ ಹಿರಿಯ ಮಗನ ಹೆಸರು ಹಿಡಿದು ಕರೆದರೆ ಅವನು ಓಗೊಟ್ಟ. ತಾಯಿಗೆ ಸಮಾಧಾನವಾಯಿತು. ಅವಳು ಅಳುವುದನ್ನು ನಿಲ್ಲಿಸಿದಳು.

ಒಂದು ದಿನ ಅಣ್ಣನ ಹೆಂಡತಿ ತನ್ನ ಓರಗಿತ್ತಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು.

"ಹಜಾರದಲ್ಲಿ ಆ ಕಾಲಿನ ಸದ್ದು ಕೇಳಿದರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ನಮ್ಮವರ ಸೊಂಟಕ್ಕೆ ಶಾಖ ಕೊಡಲು ನೀರು ಕಾಯಿಸಲು ಇಟ್ಟುಬಿಡುತ್ತೇನೆ. ನೀರು ಕುದಿದ ಮೇಲೆ ನೆನಪಾಗುತ್ತದೆ. ನಿನ್ನೆ ಆ ನೀರನ್ನು ತೆಗೆದುಕೊಂಡು ಅವನು ಕುಳಿತಿದ್ದಲ್ಲಿಗೆ ಹೋಗಿದ್ದೆ. ಅವನು ಬೇಡ ಎನ್ನಲಿಲ್ಲ. ನಿನ್ನ ಗಂಡನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗು, ತಂಗಿ. ನನಗೆ ಭಯವಾಗುತ್ತದೆ."

"ನೀರು ತಂದಾಗ ಅವರು ಏನೆಂದರು, ಅಕ್ಕ?"

"ಇವತ್ತು ತಡವಾಯಿತಲ್ಲ ಎಂದ."

ತಮ್ಮನ ಹೆಂಡತಿ ಆ ಸಂಜೆ ಗಂಡನ ಮುಂದೆ ನಿಂತಳು. ಆ ಕೋಲುಗಳನ್ನು ಬಿಟ್ಟುಬಿಡಿ ಎಂದು ಬೇಡಿಕೊಂಡಳು. ಅವನು ಗಂಟಲು ಸರಿಮಾಡಿಕೊಂಡ. "ಅವನ್ನು ಬಿಟ್ಟರೆ ಅಣ್ಣ ಪೂರ್ತಿಯಾಗಿ ಹೋಗಿಬಿಡುತ್ತಾನೆ" ಎಂದ. ಅವಳು, "ಹಾಗಾದರೆ ನಿಮ್ಮ ಮೈಗೆ ಹೊಂದುವ ಕೋಲು ಮಾಡಿಸಿಕೊಳ್ಳಿ. ಆಟ ಬಿಡುವುದು ಬೇಡ" ಎಂದಳು. ಅವನು ಯೋಚಿಸಿ ಒಪ್ಪಿಕೊಂಡ. ಅವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಕಸುಬುದಾರ ಬಂದ. ತಮ್ಮನನ್ನು ಬಯಲಿನಲ್ಲಿ ನಿಲ್ಲಿಸಿದ. ಸುತ್ತಲೂ ನಡೆದು ನೋಡಿದ. ನೂಲು ಹಿಡಿದು ಗಂಟು ಹಾಕಿದ. ಬೆರಳುಗಳನ್ನು ಮುಟ್ಟಿದ. ಚೆಂಡು ಹೊಡೆಸಿ ಸೊಂಟ ಎಲ್ಲಿ ನಿಲ್ಲುತ್ತದೆ ಎಂದು ನೋಡಿದ. ಆಮೇಲೆ ನೂಲನ್ನು ಹಳೆಯ ಕೋಲಿನ ಪಕ್ಕದಲ್ಲಿ ಇಟ್ಟ. ಬಹಳ ಹೊತ್ತು ಅದನ್ನೇ ನೋಡಿದ. ನೂಲು ಸುತ್ತಿ ಜೇಬಿಗೆ ಹಾಕಿಕೊಂಡು, ಜೊತೆಗೆ ಬಂದಿದ್ದ ತಮ್ಮನ ಹೆಂಡತಿಯ ಕಡೆ ತಿರುಗಿದ.

"ತಾಯಿ, ಹೊಸ ಕೋಲು ಬೇಕಿಲ್ಲ. ಈ ಮೈಗೆ ಮಾಡಿದ ಕೋಲು ಇವರ ಕೈಯಲ್ಲೇ ಇದೆ."

"ಅದು ಭಾವನವರ ಕೋಲು. ಇವರು ನನ್ನ ಗಂಡ" ಎಂದಳು ಅವಳು.

"ನಾನು ಹೆಸರಿಗೆ ಅಳತೆ ತೆಗೆಯುವುದಿಲ್ಲ. ಮುಂದೆ ನಿಂತವರಿಗೆ ತೆಗೆಯುತ್ತೇನೆ. ಇಲ್ಲಿ ಬೇರೆ ಯಾರೂ ನಿಂತಿಲ್ಲ."

ತಮ್ಮ ಅದನ್ನು ಕೇಳಿಸಿಕೊಂಡ. ಅವನಿಗೆ ಗಾಬರಿಯಾಗಲಿಲ್ಲ. ಯಾರೋ ಹೊಗಳಿದಂತೆ ಮೆಲ್ಲಗೆ ನಕ್ಕ.

ಅವನ ಹೆಂಡತಿ ಅಳಲಿಲ್ಲ. ಗಂಡನನ್ನು ದೂರದ ಮರದ ಕೆಳಗೆ ಕೂರಿಸಿ ಹಿಂದಿರುಗಿದಳು. "ನನ್ನ ಗಂಡನ ಅಳತೆ ನಾನು ಕೊಡುತ್ತೇನೆ" ಎಂದಳು. ಮದುವೆಯಾದ ಹೊಸದರಲ್ಲಿ ಅವನ ಎಡಗಡೆ ಹೇಗೆ ನಿಲ್ಲುತ್ತಿದ್ದಳೋ ಹಾಗೆ ನಿಂತಳು. ಪಕ್ಕದಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ ಬಿಟ್ಟಳು. ಕೈ ಎತ್ತಿ, ಅವರ ಭುಜ ಇಲ್ಲಿಗೆ ಬರುತ್ತಿತ್ತು ಎಂದಳು. ಕೈ ಇಳಿಸಿ, ಮಣಿಕಟ್ಟು ಇಲ್ಲಿಗೆ ಎಂದಳು. ಬೆರಳುಗಳು ಉದ್ದ, ಹಿಡಿತ ಸಡಿಲ, ನಿಂತಾಗ ಭಾರ ಎರಡು ಕಾಲಿಗೂ ಸಮ ಎಂದಳು.

ಕಸುಬುದಾರ ಜೇಬಿನಿಂದ ನೂಲು ತೆಗೆದ. ಖಾಲಿ ಜಾಗದ ಮುಂದೆ ಮಂಡಿಯೂರಿದ. ಅವಳು ತೋರಿಸಿದ ಕಡೆಯಿಂದ ನೆಲದವರೆಗೆ ನೂಲು ಹಿಡಿದು ಗಂಟು ಹಾಕಿದ. ಎದ್ದು ಆ ಜಾಗದ ಸುತ್ತಲೂ ನಡೆದ. ಒಮ್ಮೆ ಯಾರಿಗೋ ತಾಗೀತೆಂಬಂತೆ ಸ್ವಲ್ಪ ಸರಿದು ನಡೆದ. ಆಡುತ್ತಿದ್ದವರು ಅದನ್ನು ನೋಡಿ ಆಟ ಬಿಟ್ಟು ಹೊರಟುಹೋದರು.

"ಮಾಡಿಕೊಡುತ್ತೇನೆ, ತಾಯಿ. ಆದರೆ ಇದು ನಾನು ಕಂಡವರ ಅಳತೆಯಲ್ಲ" ಎಂದ.

ಹೊಸ ಕೋಲುಗಳು ಬಂದವು. ತಮ್ಮ ಅವುಗಳನ್ನು ಮುಟ್ಟಲು ಹಿಂಜರಿದ. ಇವು ಯಾರದೋ ಕೋಲು, ನನ್ನವಲ್ಲ ಎಂದ. ಹೊಡೆದರೆ ಚೆಂಡು ಪೊದೆಗೆ ಹೋಯಿತು, ಸೊಂಟದಲ್ಲಿ ನೋವು ಎದ್ದಿತು. ಹೆಂಡತಿ ದಿನವೂ ಅವನ ಜೊತೆ ಹೋದಳು. ಅವನು ಕೋಲು ಎಸೆದರೆ ಹೆಕ್ಕಿ ತಂದು ಮತ್ತೆ ಕೈಗೆ ಕೊಟ್ಟಳು. ಹಳೆಯ ಕೋಲುಗಳನ್ನು ಅಣ್ಣನ ಹೆಂಡತಿ ತಾನೇ ಕೇಳಿ ತೆಗೆದುಕೊಂಡಳು. ಬಚ್ಚಲಿನ ಒಲೆಗೆ ಹಾಕಿದಳು. ಮರ ಉರಿಯಿತು. ಕಬ್ಬಿಣದ ತಲೆಗಳು ಬೂದಿಯಲ್ಲಿ ಉಳಿದವು. ಅವುಗಳನ್ನು ಹಾಳುಬಾವಿಗೆ ಎಸೆದಳು.

ತಮ್ಮನ ಸೊಂಟ ಮೆಲ್ಲಮೆಲ್ಲಗೆ ಸಡಿಲವಾಯಿತು. ಬೆರಳುಗಳು ಬಿಚ್ಚಿದವು. ಹಜಾರದಲ್ಲಿ ಕಾಲಿನ ಸದ್ದು ನಿಂತಿತು. ತಾಯಿ ಹಿರಿಯ ಮಗನನ್ನು ಕರೆದಳು. ಯಾರೂ ಓಗೊಡಲಿಲ್ಲ. ಆ ಮನೆಯಲ್ಲಿ ಎರಡನೆಯ ಸಲ ಸಾವಾಯಿತು. ಈ ಸಲ ಯಾರೂ ಸೂತಕ ಹಿಡಿಯಲಿಲ್ಲ.

ಒಂದು ಬೆಳಿಗ್ಗೆ ತಮ್ಮ ಬಯಲಿನಲ್ಲಿ ಹೊಡೆದ ಚೆಂಡು ನೇರವಾಗಿ, ಬಹಳ ದೂರ ಹೋಯಿತು. ಅವನು ಹೆಂಡತಿಯ ಕಡೆ ತಿರುಗಿ ತಲೆ ಒಂದಿಷ್ಟು ವಾಲಿಸಿ ನಕ್ಕ. ಅವಳೂ ನಕ್ಕಳು. ಅವಳ ಎದೆ ಹಗುರಾಯಿತು. ಇಬ್ಬರೂ ಮನೆಯ ಕಡೆ ನಡೆದರು.

ದಾರಿಯಲ್ಲಿ ಅವಳು ಪಕ್ಕಕ್ಕೆ ನೋಡಿದಳು. ಅವನ ಭುಜ ಅವಳು ತೋರಿಸಿದ್ದ ಎತ್ತರದಲ್ಲೇ ಇತ್ತು. ಕೂದಲೆಳೆಯಷ್ಟೂ ಮೇಲಿಲ್ಲ, ಕೆಳಗಿಲ್ಲ. ಅವನು ಏನೋ ಗುನುಗುತ್ತಿದ್ದ. ಅವನು ಮೊದಲು ಗುನುಗುತ್ತಿದ್ದನೇ ಎಂದು ನೆನಪಿಸಿಕೊಳ್ಳಲು ನೋಡಿದಳು. ನಕ್ಕಾಗ ತಲೆ ವಾಲಿಸುತ್ತಿದ್ದನೇ ಎಂದು ನೆನಪಿಸಿಕೊಳ್ಳಲು ನೋಡಿದಳು. ಹಳೆಯ ಮುಖ ನೆನಪಿಗೆ ಬರಲಿಲ್ಲ. ಬಂದದ್ದು ಪಕ್ಕದಲ್ಲಿ ನಡೆಯುತ್ತಿದ್ದ ಈ ಮುಖವೇ.

"ನೀವು ಮೊದಲೂ ಹೀಗೇ ಇದ್ದಿರಾ?" ಎಂದು ಕೇಳಿದಳು.

ಅವನು ಪ್ರೀತಿಯಿಂದ ಅವಳನ್ನು ನೋಡಿದ. "ಅದು ನಿನಗೇ ಗೊತ್ತಿರಬೇಕಲ್ಲ" ಎಂದ.

ಮನೆಗೆ ಬಂದರು. ಜಗಲಿಯ ಮೇಲೆ ತಾಯಿ ಕುಳಿತಿದ್ದಳು. ಅವಳ ಕಣ್ಣು ಇನ್ನೂ ಚೆನ್ನಾಗಿಯೇ ಇತ್ತು. ಮೆಟ್ಟಿಲು ಹತ್ತಿದ ಮಗನನ್ನು ನೋಡಿ ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಬನ್ನಿ, ಕುಳಿತುಕೊಳ್ಳಿ" ಎಂದಳು. "ಯಾವ ಊರಿನವರು?"

ಅವನು ಆ ಮನೆಯಲ್ಲಿಯೇ ಬಹುಕಾಲ ಬಾಳಿದ. ಅಂಗಡಿ ಚೆನ್ನಾಗಿ ನಡೆಸಿದ. ಅತ್ತಿಗೆಯನ್ನು ಗೌರವದಿಂದ ನೋಡಿಕೊಂಡ. ತನ್ನನ್ನು ಅತಿಥಿಯೆಂದು ತಿಳಿದಿದ್ದ ತಾಯಿಯನ್ನು ಕೊನೆಯವರೆಗೂ ಸಲಹಿದ. ಹೆಂಡತಿಗೆ ಒಂದು ಗಡಸು ಮಾತನ್ನೂ ಆಡಲಿಲ್ಲ. ಮೊದಲು ಅವನು ಮುಂಗೋಪಿ. ಅವಳು ಅಳತೆ ಕೊಡುವಾಗ ಕೋಪದ ವಿಷಯ ಹೇಳಿರಲಿಲ್ಲ. ಅವಳಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೂ ಅವನು ಹೊರಗೆ ಹೋದಾಗ ಅವಳು ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಳು. ಅವನು ಮರಳಿ ಬಂದು ಒಳಗೆ ಹೋದ ಮೇಲೂ ನೋಡುತ್ತಲೇ ನಿಂತಿರುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಜಯತೀರ್ಥ ತನ್ನ ಕೈಗಳನ್ನು ನೋಡಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ:

"ಹಾಗಾದರೆ ನಾಳೆ ನಾನು ಅಳತೆ ಕೊಡುವುದು ಒಳ್ಳೆಯದೇ, ಗುರುಗಳೇ?"

"ಅಗತ್ಯವಾಗಿ ಕೊಡು," ಎಂದರು ಗುರುಗಳು, "ಕೊಡುತ್ತಿರುವವನು ಯಾರು ಎಂದು ಮಾತ್ರ ಮೊದಲು ನೋಡಿಕೋ."