ಗಂಟು ಹಗ್ಗ ಹಿಡಿದು ಗಾಳಿತುದಿಗೆ ಹೋದ ಶಿವಿ

ಕಣ್ಣು ಮುಚ್ಚಿದ್ಯಾ ಪಮ್ಮೀ? ಮುಚ್ಚಿಕೊ, ಪರವಾಗಿಲ್ಲ. ಹೂಂ ಅನ್ನೋದು ಮಾತ್ರ ಬಿಡಬೇಡ. ನೀನು ಹೂಂ ಅನ್ನದಿದ್ರೆ ಕತೆಯೊಳಗಿನ ಹುಡುಗಿ ನಡುನೀರಲ್ಲೇ ನಿಂತುಬಿಡ್ತಾಳೆ, ಆಮೇಲೆ ಅವಳನ್ನ ದಡಕ್ಕೆ ತರೋದು ನನ್ನಿಂದಾಗೋದಿಲ್ಲ.

ಒಂದಾನೊಂದು ಕಾಲದಲ್ಲಿ, ಅಂದ್ರೆ ಕಡಲು ಈಗಿನ ಹಾಗೆ ದೂರ ಕೂತಿರದೆ ದಿನಕ್ಕೆರಡು ಸಲ ಅಂಗಳದ ತನಕ ಬಂದು, ಹೊನ್ನಮ್ಮಾ ಮನೇಲಿದ್ಯನೇ ಅಂತ ಕೇಳಿಕೊಂಡು ಹೋಗ್ತಿದ್ದ ಕಾಲದಲ್ಲಿ, ಮರಳಕೋಡಿ ಅಂತ ಒಂದು ಕೇರಿ ಇತ್ತಂತೆ. ಆ ಹೊನ್ನಮ್ಮನಿಗೆ ಮೂರು ಮಕ್ಕಳು. ದೊಡ್ಡವ ಜಟ್ಟು, ದೋಣಿ ಹತ್ತಿ ಮೀನಿಗೆ ಹೋಗೋನು. ನಡುವಿನವ ಬೊಮ್ಮು, ತಾಳೆಮರದಷ್ಟು ಎತ್ತರ, ಒಣಮೀನಿನ ಬುಟ್ಟಿ ಹೊತ್ತು ಊರಿಂದೂರಿಗೆ ಓಡೋನು. ಕಡೆಯವಳು ಶಿವಿ. ಅವಳು ಅವ್ವಿ ಜೊತೆ ಹೊಳೆಬಾಯಿಯ ದಿಬ್ಬಕ್ಕೆ ಹೋಗಿ ಮರಳು ಕೆದಕಿ ಬಳಚು ಆರಿಸೋಳು. ಬಳಚು ಗೊತ್ತಲ್ಲ, ಇವತ್ತು ಮಧ್ಯಾಹ್ನ ಚಿಪ್ಪು ಚೀಪಿ ಚೀಪಿ ಅಂಗಳ ತುಂಬ ಎಸೆದ್ಯಲ್ಲ, ಅದೇ. ನೀರು ಇಳಿದಾಗ ದಿಬ್ಬ ಮೇಲೆ ಬರ್ತದೆ, ಉಬ್ಬಿದಾಗ ಮುಳುಗ್ತದೆ. ಶಿವಿಯ ಬಾಯಿ ಮಾತ್ರ ಹಾಗಲ್ಲ, ಅದಕ್ಕೆ ಉಬ್ಬರ ಒಂದೇ ಗೊತ್ತು, ಇಳಿತ ಅನ್ನೋದೇ ಇರಲಿಲ್ಲವಂತೆ. ನನ್ನಷ್ಟು ಬೇಗ ಬುಟ್ಟಿ ತುಂಬೋರು ಏಳು ಹೊಳೆ ಆಚೆಗೂ ಇಲ್ಲ ಅಂತಾಳೆ, ಕಡಲು ನನ್ನ ನೋಡಿದ್ರೆ ಒಂದು ಹೆಜ್ಜೆ ಹಿಂದೆ ಸರೀತದೆ ಅಂತಾಳೆ. ಅಣ್ಣಂದಿರು, ಹೌದೇ ಮಾರಾಯ್ತೀ, ನಿನ್ನ ಬಾಯಿಗೆ ಹೆದರಿಯೇ ಸರಿಯೋದು ಅಂತ ನಗೋರು.

ಆ ಬಳಚಿನ ದಿಬ್ಬ ಇತ್ತಲ್ಲ, ಇಡೀ ಕೇರಿಯ ಒಲೆ ಉರೀತಿದ್ದದ್ದೇ ಅದರಿಂದ. ಅದು ಸುಮ್ನೆ ಬಂದದ್ದಲ್ಲ. ದಂಡೆಯಗುಂಟ ಮೂರು ದಿನ ತೆಂಕಕ್ಕೆ ನಡೆದ್ರೆ ಗಾಳಿತುದಿ ಅಂತ ಒಂದು ಗುಡ್ಡ, ಅದರ ಮೇಲೆ ದಂಡೆಯಮ್ಮನ ಗುಡಿ. ಹನ್ನೆರಡು ವರ್ಷಕ್ಕೊಮ್ಮೆ ಹೊನ್ನಮ್ಮನ ಮನೆಯ ಒಬ್ಬರು ಮನೆಬಾವಿಯ ಸಿಹಿನೀರನ್ನ ಗಿಂಡಿಯಲ್ಲಿ ಹೊತ್ತು, ತ್ರಯೋದಶಿ ಬೆಳಿಗ್ಗೆ ಹೊರಟು, ಹುಣ್ಣಿಮೆ ಚಂದ್ರ ಮೇಲೆ ಬರೋದರೊಳಗೆ ಅಮ್ಮನ ಪಾದಕ್ಕೆ ಹೊಯ್ಯಬೇಕು. ದೋಣಿ ಹತ್ತಬಾರದು, ದಾರಿ ಕೇಳಬಾರದು, ಮುಂದೆ ಯಾರೂ ನಡೆದು ದಾರಿ ತೋರಿಸಬಾರದು. ಹೀಗೆ ಮಾಡಿದ್ರೆ ದಿಬ್ಬ ಮರಳಕೋಡಿಯದು. ಮೂರು ಹುಣ್ಣಿಮೆ ಅವಕಾಶ, ಮೂರೂ ತಪ್ಪಿದ್ರೆ ದಿಬ್ಬ ತೆಂಕಕೇರಿಯವರಿಗೆ. ತೆಂಕಕೇರಿಯ ಲಕ್ಕು ಗೌಡ ಆ ವರ್ಷ ಆಗಲೇ ಹೊಸ ಬುಟ್ಟಿ ಹೆಣೆಸಿ ಇಟ್ಟುಕೊಂಡಿದ್ದನಂತೆ.

ದಾರಿಗೆ ಅಂತ ಹೊನ್ನಮ್ಮನ ಹತ್ತಿರ ಇದ್ದದ್ದು ಒಂದು ನಾರಿನ ಹಗ್ಗ. ಅವಳ ಅತ್ತೆಯ ಅತ್ತೆ ಒಂದು ಕಾಲದಲ್ಲಿ ನಡೆದು ಬಂದವಳು ಅದರಲ್ಲಿ ಗಂಟು ಹಾಕಿಟ್ಟಿದ್ದಳು. ಮೂರು ದೊಡ್ಡ ಗಂಟು. ಮೊದಲನೆಯದರ ಕೆಳಗೆ ಎಂಟು ಸಣ್ಣ ಗಂಟು, ಎರಡನೆಯದರ ಕೆಳಗೆ ಹತ್ತು, ಮೂರನೆಯದರ ಕೆಳಗೆ ಹನ್ನೆರಡು. ಹಾಗಂದ್ರೆ ಎಂತ ಅಂತ ಯಾರೂ ಯಾರಿಗೂ ಹೇಳುವ ಹಾಗಿಲ್ಲ, ಹೇಳಿದ್ರೆ ದಾರಿ ತೋರಿಸಿದ ಹಾಗೆ ಆಗ್ತದಲ್ಲ. ಹಿಂದೆ ನಡೆದು ಬಂದವರು ಬಾಯಿ ಬಿಟ್ಟಿರಲಿಲ್ಲ, ಹಾಗಾಗಿ ಹೊನ್ನಮ್ಮನಿಗೂ ಗೊತ್ತಿರಲಿಲ್ಲ.

ಮೊದಲ ಹುಣ್ಣಿಮೆಗೆ ಜಟ್ಟು ಹೊರಟ. ಬೆಳಗಿಂದ ನಡೆದವನಿಗೆ ಮಧ್ಯಾಹ್ನ ಮೊದಲ ಅಳಿವೆ ಸಿಕ್ಕಿತು. ಅಳಿವೆ ಅಂದ್ರೆ ಹೊಳೆ ಕಡಲು ಸೇರುವ ಬಾಯಿ, ಹಾಯದೆ ಮುಂದೆ ಹೋಗೋ ಹಾಗಿಲ್ಲ. ದಾರಿಯಲ್ಲಿ ಅಂಥವು ಮೂರು. ಜಟ್ಟು ದೋಣಿಯವನಲ್ಲವಾ, ಅವರು ಕಲ್ಲು ಕಟ್ಟಿದ ಹಗ್ಗ ಇಳಿಸಿ ಆಳ ನೋಡೋರು, ಮಾರಿಗೊಂದು ಗಂಟು. ಎಂಟು ಗಂಟು ಅಂದ್ರೆ ಎಂಟು ಮಾರು ಆಳ, ಇದನ್ನ ಹಾಯೋದುಂಟಾ ಅಂದವನೇ ದೋಣಿ ಹತ್ತಿಬಿಟ್ಟ. ಗಾಳಿತುದಿಯಲ್ಲಿ ಗುಡಿ ಕಾಯೋ ಮುದುಕಿಯೊಬ್ಬಳು, ಅವಳು ಇವನ ಕಾಲು ನೋಡಿದಳು. ಪಂಚೆಯ ಅಂಚಿಗೆ ಉಪ್ಪು ಹತ್ತಿಲ್ಲವಲ್ಲ ತಮಾ, ಬಂದ ದೋಣಿಯಲ್ಲೇ ವಾಪಸ್ ಹೋಗು ಅಂದಳಂತೆ.

ಆಮೇಲೆ ಎರಡನೇ ಹುಣ್ಣಿಮೆಗೆ ಬೊಮ್ಮು. ಅವನು ಬುಟ್ಟಿ ಹೊತ್ತು ಓಡೋನು, ಅವನಿಗೆ ಗಂಟು ಅಂದ್ರೆ ಹರದಾರಿ. ಎಂಟು ಹರದಾರಿ, ಹತ್ತು ಹರದಾರಿ, ಹನ್ನೆರಡು ಹರದಾರಿ, ಅಬ್ಬಬ್ಬ ಎಷ್ಟು ದೂರ ಅಂತ ಉಸಿರು ಬಿಡದೆ ಓಡಿದ. ಮೊದಲೆರಡು ಅಳಿವೆಯನ್ನ ಎದೆಮಟ್ಟ ನೀರಲ್ಲಿ ಹೇಗೋ ಹಾದ, ಮೂರನೆಯದಕ್ಕೆ ಹುಣ್ಣಿಮೆಗೆ ಒಂದು ದಿನ ಮುಂಚೆಯೇ ಬಂದು ನಿಂತ. ಕಾಯೋದು ಅಂದ್ರೆ ಅವನಿಗೆ ಮೈತುರಿಕೆ. ಗಿಂಡಿಯನ್ನ ತಲೆಗೆ ಕಟ್ಟಿ ಈಜಿದ, ನಡುವಲ್ಲಿ ಒಂದು ತೆರೆ ಬಂದು ಕಪಾಳಕ್ಕೆ ಬಡೀತು. ಮುದುಕಿ ಗಿಂಡಿಯ ನೀರನ್ನ ನಾಲಗೆಗೆ ಹಚ್ಚಿ ಥೂ ಅಂತ ಉಗುಳಿದಳು. ಕಡಲಿನ ಅಮ್ಮನಿಗೆ ಕಡಲನ್ನೇ ತಂದ್ಯಾ, ಇದಕ್ಕೆ ಇಷ್ಟು ಓಡಿದ್ಯಾ ಅಂದಳಂತೆ.

ಹೂಂ ಅನ್ನು. ಸರಿ.

ಇನ್ನು ಉಳಿದದ್ದು ಒಂದೇ ಹುಣ್ಣಿಮೆ, ಒಬ್ಬಳೇ ಮಗಳು. ಹೊನ್ನಮ್ಮ ಒಲೆ ಮುಂದೆ ಕೂತು ಬೂದಿ ಕೆದಕ್ತಿದ್ದಳು. ಶಿವಿ ಸೀರೆ ಎತ್ತಿಕಟ್ಟಿ, ಅವ್ವಿ, ನೀನು ಯಾಕೆ ಮುಖ ಸಣ್ಣ ಮಾಡ್ತೀ, ಇವರಿಬ್ಬರನ್ನ ಮೊದಲು ಕಳಿಸಿದ್ದೇ ತಪ್ಪು, ನಾನು ಹೋಗಿದ್ರೆ ಇಷ್ಟು ಹೊತ್ತಿಗೆ ಅಮ್ಮನೇ ನನ್ನ ಹಿಂದೆ ನೀರು ಕುಡಿಯೋಕೆ ಮನೆಗೆ ಬಂದಿರ್ತಿದ್ದಳು ಅಂದಳಂತೆ. ಅಂದು, ಗಿಂಡಿ ತುಂಬಿಸಿ ಬಾಯಿಗೆ ಬಾಳೆಲೆ ಕಟ್ಟಿ, ಹಗ್ಗ ಕೊರಳಿಗೆ ಹಾಕಿಕೊಂಡಳು, ಸೊಂಟಕ್ಕೆ ತನ್ನ ಗೆರಟೆ, ಅಂದ್ರೆ ತೆಂಗಿನ ಕರಟ, ಸಿಗಿಸಿದಳು. ಬಳಚು ಆರಿಸೋ ಹೆಂಗಸರೆಲ್ಲರ ಹತ್ತಿರ ಅಂಥ ಗೆರಟೆ ಇರ್ತಿತ್ತು, ತಳದಲ್ಲಿ ಸೂಜಿಯಷ್ಟು ತೂತು. ನೀರ ಮೇಲೆ ಬಿಟ್ಟರೆ ಮೆಲ್ಲ ತುಂಬಿ ಮುಳುಗ್ತದೆ, ಮುಳುಗಿದ್ರೆ ಒಂದು ಗಳಿಗೆ ಆಯ್ತು ಅಂತ ಲೆಕ್ಕ. ಇಲ್ಲದಿದ್ರೆ ಬಗ್ಗಿ ಬಗ್ಗಿ ಆರಿಸ್ತಾ ಉಬ್ಬರ ಬಂದದ್ದೇ ಗೊತ್ತಾಗದೆ ಮುಳುಗಿಹೋಗಬೇಕಾಗ್ತದಲ್ಲ.

ಹೊರಟಳು, ನಡೆದಳು, ದಾರಿಯ ಏಡಿಗಳಿಗೆಲ್ಲ ತನ್ನ ಹೆಸರು ಹೇಳಿಕೊಂಡು ಮಧ್ಯಾಹ್ನಕ್ಕೆ ಮೊದಲ ಅಳಿವೆಗೆ ಬಂದಳು. ನೋಡಿದ್ರೆ ದಡ ತುಂಬಿ ನೀರು. ಅಲ್ಲಿದ್ದ ಅಂಬಿಗ ದುರ್ಗು ದೋಣಿಯಲ್ಲಿ ಕಾಲು ನೀಡಿಕೊಂಡು ಕೂತಿದ್ದ. ಬಾ ತಂಗೀ ಹತ್ತು, ನಿಮ್ಮಣ್ಣನೂ ಇದರಲ್ಲೇ ಹೋದದ್ದು, ಬೇಕಾದ್ರೆ ನಿನ್ನ ಕಾಲಿಗೆ ನಾಲ್ಕು ಚೊಂಬು ಉಪ್ಪುನೀರು ನಾನೇ ಹೊಯ್ತೇನೆ, ಯಾರಿಗೆ ಗೊತ್ತಾಗ್ತದೆ ಅಂದ. ನನಗೆ ಗೊತ್ತಾಗ್ತದಲ್ಲ, ನಾನೇನು ಯಾರೂ ಅಲ್ಲವಾ ಅಂದಳು ಶಿವಿ. ಅಂದದ್ದೇನೋ ಅಂದಳು, ಆದ್ರೆ ಹಾಯೋದು ಹೇಗೆ. ಕೋಪದಲ್ಲಿ ಮರಳ ಮೇಲೆ ಕುಕ್ಕರಿಸಿದಳು, ಅಭ್ಯಾಸಬಲದಿಂದ ಗೆರಟೆ ತೆಗೆದು ದಡದ ಗುಂಡಿಯ ನೀರಲ್ಲಿ ಬಿಟ್ಟಳು. ಸೂರ್ಯ ಸರಿ ನೆತ್ತಿ ಮೇಲಿದ್ದ.

ಗೆರಟೆ ಮುಳುಗಿತು, ಎತ್ತಿ ಬಿಟ್ಟಳು. ಮತ್ತೆ ಮುಳುಗಿತು. ಒಂದೊಂದು ಸಲಕ್ಕೂ ಕೈ ತಾನಾಗಿ ಹಗ್ಗದ ಒಂದೊಂದು ಸಣ್ಣ ಗಂಟಿನ ಮೇಲೆ ಸರೀತಾ ಹೋಯ್ತು. ಎಂಟನೇ ಗಂಟು ಬೆರಳಿಗೆ ಸಿಕ್ಕಿ ಮುಗಿದಾಗ ತಲೆ ಎತ್ತಿದಳು. ಅಳಿವೆಯಲ್ಲಿ ನೀರು ಮೊಣಕಾಲಿಗೆ ಇಳಿದಿದೆ. ಶಿವಿ ಹಗ್ಗ ನೋಡಿದಳು, ನೀರು ನೋಡಿದಳು. ಇಳಿತ ನಿನ್ನೆಗಿಂತ ಇವತ್ತು ಎರಡು ಗಳಿಗೆ ತಡ, ಇವತ್ತಿಗಿಂತ ನಾಳೆ ಮತ್ತೆರಡು ಗಳಿಗೆ ತಡ, ಇದು ಬಳಚಿನವರ ಮನೆಯ ಕೂಸಿಗೂ ಗೊತ್ತು. ಇವತ್ತು ಎಂಟು, ನಾಳೆ ಹತ್ತು, ನಾಡಿದ್ದು ಹುಣ್ಣಿಮೆಗೆ ಹನ್ನೆರಡು. ಇದು ಆಳವೂ ಅಲ್ಲ ದೂರವೂ ಅಲ್ಲ, ಮಧ್ಯಾಹ್ನದ ಮೇಲೆ ಕೂತು ಕಾಯೋ ಗಳಿಗೆ. ಹಗ್ಗ ಕಟ್ಟಿದವಳೂ ಬಳಚಿನವಳೇ. ಶಿವಿಗೆ ಎಷ್ಟು ನಗು ಬಂತು ಅಂದ್ರೆ ದುರ್ಗು ದೋಣಿಯಲ್ಲಿ ಎದ್ದು ಕೂತನಂತೆ. ದುರ್ಗಣ್ಣಾ, ಇವತ್ತಿನ ಮಟ್ಟಿಗೆ ದೋಣಿ ಮಗುಚಿಟ್ಟು ಮನೆಗೆ ಹೋಗು ಅಂತ ಹೇಳಿ, ಗಿಂಡಿ ತಲೆ ಮೇಲಿಟ್ಟು, ಅಂಗಳ ದಾಟಿದ ಹಾಗೆ ದಾಟಿದಳು.

ಅಲ್ಲಿಂದ ಮುಂದೆ ಅವಳದು ನಡಿಗೆಯೇ ಅಲ್ಲ, ಮೆರವಣಿಗೆ. ಅವಸರ ಮಾಡಿದ್ರೂ ನೀರು ಇಳಿಯೋದು ಅದರ ಹೊತ್ತಿಗೇ ಅಂತ ಗೊತ್ತಾಯ್ತಲ್ಲ. ಉಪ್ಪು ಬೆಳೆಯೋ ಗದ್ದೆಯ ಬದಿಯಲ್ಲಿ ಕೂತು ಅವರ ಗಂಜಿ ಉಂಡಳು, ಒಂದು ಮನೆಯ ಜಗಲಿಯಲ್ಲಿ ಮಲಗಿದಳು, ಬೆಳಿಗ್ಗೆ ಎದ್ದು ಕಲ್ಲಿಗೆ ಹತ್ತಿದ ಕಲಗದ ಚಿಪ್ಪು ಕೆತ್ತಿ ಸುಟ್ಟು ತಿಂದಳು. ಹೋದಲ್ಲೆಲ್ಲ ನಾನು ಮರಳಕೋಡಿಯ ಶಿವಿ, ನೆನಪಿಟ್ಟುಕೊಳ್ಳಿ, ಹೇಳಿಕೊಳ್ಳೋಕೆ ಬೇಕಾಗ್ತದೆ ಅಂತ ಹೇಳಿದಳು.

ಎರಡನೇ ಅಳಿವೆಯಲ್ಲಿ ಗಾಳಿತುದಿಗೇ ಹೊರಟ ಘಟ್ಟದ ಮೇಲಿನ ಹತ್ತಿಪ್ಪತ್ತು ಯಾತ್ರೆಯವರು ನಿಂತಿದ್ದರು. ಅವರಿಗೆ ದಾರಿ ತೋರಿಸೋಕೆ ನರಸೋಬ ಅಂತ ಒಬ್ಬ, ದೊಡ್ಡ ಜುಟ್ಟು, ಕೈಯಲ್ಲಿ ಬೆಳ್ಳಿ ಕಟ್ಟಿನ ಕೋಲು. ಮಧ್ಯಾಹ್ನ ನೀರು ಆಗಷ್ಟೇ ಇಳಿಯೋಕೆ ಶುರುವಾಗಿತ್ತು. ಈಗ ಇಳಿಯಬೇಡಿ, ಹತ್ತು ಗಳಿಗೆ ಕೂತುಕೊಳ್ಳಿ ಅಂದಳು ಶಿವಿ. ನರಸೋಬ ಮೀಸೆಯಲ್ಲೇ ನಕ್ಕು, ನಲವತ್ತು ಸಲ ಬಂದ ದಾರಿ ಇದು, ಬಳಚು ಮಾರೋಳ ಹತ್ತಿರ ಕಲೀಬೇಕಾ ನಾನು ಅಂತ ನೀರಿಗೆ ಇಳಿದ. ನಾಲ್ಕು ಹೆಜ್ಜೆಗೆ ಸೊಂಟ, ಆರು ಹೆಜ್ಜೆಗೆ ಕತ್ತು, ಆಮೇಲೆ ಕೋಲು ಒಂದು ಕಡೆ, ನರಸೋಬ ಒಂದು ಕಡೆ. ಶಿವಿ ಗಿಂಡಿಯನ್ನ ಯಾತ್ರೆಯ ಒಬ್ಬ ಮುದುಕಿಯ ಮಡಿಲಿಗೆ ಕೊಟ್ಟು ಧುಮುಕಿ, ಜುಟ್ಟು ಹಿಡಿದು ಎಳೆದು ತಂದು ಮರಳ ಮೇಲೆ ಹಾಕಿದಳು. ನಲವತ್ತೊಂದನೇ ಸಲ ಆಯ್ತಲ್ಲ ಸ್ವಾಮೀ, ಈಗ ಕೂತುಕೊಳ್ತೀರಾ ಅಂದಳಂತೆ. ಕೂತ. ಎಲ್ಲರೂ ಕೂತರು. ಹತ್ತು ಸಲ ಗೆರಟೆ ಮುಳುಗಿದ ಮೇಲೆ ಶಿವಿ ಎದ್ದಳು, ಅವರೂ ಎದ್ದರು. ಮುಂದೆ ಮಾತ್ರ ಬರಬೇಡಿ, ನನ್ನ ವ್ರತ ಕೆಡ್ತದೆ, ಹಿಂದೆ ಎಷ್ಟು ಜನ ಬಂದರೂ ನನಗೇನು ಅಂದಳು. ಹಾಗೆ ಅವಳು ಮುಂದೆ, ಐವತ್ತು ಹೆಜ್ಜೆ ಹಿಂದೆ ಅಷ್ಟೂ ಜನ, ಕಟ್ಟಕಡೆಗೆ ಜುಟ್ಟು ಹಿಂಡಿಕೊಳ್ತಾ ನರಸೋಬ.

ಹುಣ್ಣಿಮೆ ದಿನ ಮೂರನೇ ಅಳಿವೆ. ಅದು ಎಲ್ಲಕ್ಕಿಂತ ದೊಡ್ಡದು. ಆಚೆ ದಡದಲ್ಲಿ ಗಾಳಿತುದಿ, ಗುಡಿ ಕಣ್ಣಿಗೆ ಕಾಣ್ತದೆ, ಗುಡಿಯ ಕೆಳಗೆ ಲಕ್ಕು ಗೌಡ ತನ್ನ ಕೇರಿಯವರ ಜೊತೆ ಹೊಸ ಬುಟ್ಟಿ ಜೋಡಿಸಿಕೊಂಡು ಕೂತದ್ದೂ ಕಾಣ್ತದೆ. ಶಿವಿ ನೆತ್ತಿ ಮೇಲಿನ ಸೂರ್ಯ ನೋಡಿ ಗೆರಟೆ ಬಿಟ್ಟಳು. ಐದು ಗಳಿಗೆ ಆಯ್ತು, ಎಂಟು ಆಯ್ತು, ನೀರು ಇಳೀತಿದೆ, ಆದ್ರೆ ಇನ್ನೂ ಆನೆ ಮುಳುಗುವಷ್ಟಿದೆ. ಹತ್ತು ಆಯ್ತು. ಲಕ್ಕು ಗೌಡ ಆಚೆಯಿಂದ ಕೂಗಿದ. ಏನೇ ಹುಡುಗೀ, ಕಡಲು ನಿನ್ನ ನೋಡಿದ್ರೆ ಹಿಂದೆ ಸರೀತದಂತಲ್ಲ, ಇವತ್ತು ನಿನ್ನ ಗುರುತು ಸಿಗಲಿಲ್ಲವಾ ಅದಕ್ಕೆ? ಅಷ್ಟೂ ಬುಟ್ಟಿಗಳು ನಕ್ಕವಂತೆ.

ಶಿವಿ ಬಾಯಿ ತೆರೆದಳು, ಮಾತು ಬರಲಿಲ್ಲ. ಹುಟ್ಟಿದ ಮೇಲೆ ಮೊದಲನೇ ಸಲ. ಗಂಟಿನ ಅರ್ಥ ತಪ್ಪಿದ್ರೆ? ಒಲೆ ಮುಂದೆ ಕೂತ ಅವ್ವಿ, ದಿಬ್ಬದ ಮೇಲೆ ಸಾಲಾಗಿ ಬಗ್ಗಿದ ಕೇರಿಯ ಹೆಂಗಸರು, ಎಲ್ಲ ಕಣ್ಣ ಮುಂದೆ ಬಂದರು. ಹಿಂದಿನಿಂದ ನರಸೋಬ ಮೆಲ್ಲ ಬಂದು, ತಾಯೀ, ಈಜಿಬಿಡೋಣವಾ, ಚಂದ್ರ ಬರೋ ಹೊತ್ತಾಯ್ತು ಅಂದ. ಬೊಮ್ಮಣ್ಣ ಈಜಿದ್ದು ನೆನಪಾಯ್ತು. ಇಲ್ಲ, ಇನ್ನೆರಡು ಗಂಟಿದೆ ಅಂದಳು. ಹನ್ನೊಂದು ಮುಳುಗಿತು. ನೀರು ಹಾಗೇ ಹೊಳೀತಿತ್ತು, ತಳ ಕಾಣಲಿಲ್ಲ. ಹನ್ನೆರಡನೇ ಸಲ ಗೆರಟೆ ಬಿಟ್ಟಳು. ಬೆರಳು ಕಡೇ ಗಂಟಿನ ಮೇಲೆ ಇಟ್ಟುಕೊಂಡೇ ಕೂತಳು.

ಗೆರಟೆ ಮುಳುಗಿತು. ಅದೇ ಹೊತ್ತಿಗೆ ಎಲ್ಲಿಂದಲೋ ಒಂದು ಬೆಳ್ಳಕ್ಕಿ ಹಾರಿ ಬಂದು ಅಳಿವೆಯ ನಟ್ಟನಡುವೆ ಇಳಿದು, ನಿಂತುಕೊಂಡಿತು. ಪಮ್ಮೀ, ತೇಲಲಿಲ್ಲ, ನಿಂತುಕೊಂಡಿತು. ಅದರ ಕಡ್ಡಿಯಂಥ ಕಾಲು ಅರ್ಧ ನೀರ ಮೇಲಿತ್ತು. ಈ ದಡದಿಂದ ಆ ದಡಕ್ಕೆ ಮರಳಿನ ಒಂದು ಬೆನ್ನು, ಹುಣ್ಣಿಮೆಯ ಇಳಿತಕ್ಕೆ ಮಾತ್ರ ಮೇಲೆ ಬರೋದು, ಚರ್ಮದ ಕೆಳಗಿನ ಎಲುಬಿನ ಹಾಗೆ ಕಾಣಿಸಿಕೊಂಡಿತು. ಶಿವಿ ಗಿಂಡಿ ತಲೆ ಮೇಲಿಟ್ಟು ಎದ್ದಳು. ಪಾದ ಮುಳುಗುವಷ್ಟೇ ನೀರು. ಅವಳು ಮುಂದೆ, ಹಿಂದೆ ಯಾತ್ರೆಯವರೆಲ್ಲ ಉಘೇ ಉಘೇ ಅಂತ, ಅಳಿವೆಯ ನಡುವೆ ಜನ ನಡೆದುಬರೋದನ್ನ ಕಂಡು ಲಕ್ಕು ಗೌಡ ಕೂತಲ್ಲೇ ಬುಟ್ಟಿ ಮಗುಚಿ ಹಾಕಿದನಂತೆ.

ಗುಡಿಯ ಮುದುಕಿ ಬಾಗಿಲಲ್ಲೇ ನಿಂತಿದ್ದಳು. ಕಾಲು ನೋಡಿದಳು, ಸೀರೆಯ ಅಂಚಿಗೆ ಉಪ್ಪು ಬೆಳ್ಳಗೆ ಹತ್ತಿದೆ. ನೀರು ನಾಲಗೆಗೆ ಹಚ್ಚಿದಳು, ಕಣ್ಣು ಮುಚ್ಚಿ ಇನ್ನೊಂದು ಹನಿ ಹಚ್ಚಿದಳು, ಇದಕ್ಕೇನು ಬೆಲ್ಲ ಹಾಕಿದ್ಯನೇ ಅಂದಳು. ಆಮೇಲೆ ಮೂರನೆಯದು ಕೇಳಿದಳು. ಖರೆ ಹೇಳು, ದಾರಿ ಯಾರು ತೋರಿಸಿದರು? ಶಿವಿ ಹಿಂದೆ ತಿರುಗಿ ಆ ಸಾಲಿಗೆ ಸಾಲೇ ತೋರಿಸಿ, ಇವರಿಗೆಲ್ಲ ತೋರಿಸಿದವಳು ನಾನು ಅಜ್ಜೀ, ನನಗೆ ತೋರಿಸೋಕೆ ಯಾರು ಉಳಿದ್ರು ಅಂದಳು. ಮುದುಕಿ ನಕ್ಕು ಬಾಗಿಲು ಬಿಟ್ಟಳು. ಚಂದ್ರ ಗುಡ್ಡದ ಹಿಂದೆ ಕೆಂಪಗೆ ಇಣುಕೋದಕ್ಕೂ ಶಿವಿ ಗಿಂಡಿ ಬಗ್ಗಿಸೋದಕ್ಕೂ ಸರಿಹೋಯ್ತಂತೆ.

ಆಮೇಲೆ ದಿಬ್ಬ ಮರಳಕೋಡಿಗೇ ಉಳೀತು. ಲಕ್ಕು ಗೌಡ ತಲೆ ತಗ್ಗಿಸಿಕೊಂಡು ಹೊರಟವನನ್ನ ಶಿವಿಯೇ ಕರೆದು, ಗೌಡರೇ, ಬುಟ್ಟಿ ಚೆನ್ನಾಗಿ ಹೆಣೆದಿದ್ದೀರಿ, ಖಾಲಿ ಯಾಕೆ ಒಣಗಿಸ್ತೀರಿ, ಹುಣ್ಣಿಮೆ ಇಳಿತಕ್ಕೆ ನಿಮ್ಮ ಹೆಂಗಸರೂ ಬರಲಿ ಅಂದಳಂತೆ. ಊರಿಗೆ ಬಂದಾಗ ಜಟ್ಟು ಬೊಮ್ಮು ಇಬ್ಬರೂ ಅವಳನ್ನ ಹೆಗಲ ಮೇಲೆ ಹೊತ್ತು ಕೇರಿ ಸುತ್ತಿಸಿದರು, ಅವಳು ಮೇಲೆ ಕೂತು ಏಳು ದಿನ ಹೇಳುವಷ್ಟು ಹೇಳಿದಳು, ಯಾರೂ ಒಂದು ಮಾತಿಗೂ ಅಡ್ಡ ಬರಲಿಲ್ಲ. ಹೊನ್ನಮ್ಮ ಬಳಚಿನ ಸುಕ್ಕ ಮಾಡಿ ಕೇರಿಗೆಲ್ಲ ಬಡಿಸಿದಳು. ಬೊಮ್ಮು ಆ ಗಂಟಿಗೆ ಅರ್ಥ ಎಂತ ಅಂತ ಎಷ್ಟು ಗೋಗರೆದರೂ ಶಿವಿ ಅದೊಂದು ಮಾತ್ರ ಹೇಳಲಿಲ್ಲ.

ಆ ಹಗ್ಗ ಎಲ್ಲಿದೆ ಅಂತ ಕೇಳ್ತೀಯಾ? ನಿಮ್ಮಮ್ಮನನ್ನ ತೂಗಿದ ತೊಟ್ಟಿಲು, ನಿನ್ನ ತೂಗಿದ ತೊಟ್ಟಿಲು, ತೂಗುಹಾಕಿದ್ದು ಅದರಲ್ಲೇ. ನಾವು ಅದೇ ಶಿವಿಯ ಕಡೆಯವರು, ಸುಮ್ನೆ ಅಲ್ಲ. ನಾಳೆ ಬೆಳಿಗ್ಗೆ ಗಂಟು ಎಣಿಸು.

ಪಮ್ಮೀ? ಹೂಂ ಇಲ್ಲ. ಇರಲಿ, ನಮ್ಮ ಹುಡುಗಿ ನೀರು ದಾಟಿ ಆಯ್ತು, ಇನ್ನು ನೀನು ಹೂಂ ಅನ್ನದಿದ್ರೂ ನಡೀತದೆ. ಗಿಂಡಿ ಬರಿದಾಯ್ತು, ಕತೆ ಮುಗೀತು.