ಬೂಟ್‌ಲೋಡರಿನ ಪಟ್ಟಿಯಲ್ಲಿ ಎರಡು ಹೆಸರು

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿಯ ಗುರುಗಳು ಅಡವಯ್ಯನವರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅವರೂ ಅವರ ಗೆಳೆಯ ಗುರುಪಾದಪ್ಪನೂ ಒಂಬತ್ತು ವರ್ಷ ಊರೂರು ಸುತ್ತಿ, ಕಣದಲ್ಲಿ ಹಾಡುವ ಹಂತಿ ಪದಗಳನ್ನು ಬರೆದುಕೊಂಡು ಬಂದಿದ್ದರು. ಆಶ್ರಮದ ಒಂದೇ ಕಂಪ್ಯೂಟರಿನಲ್ಲಿ ಅವನ್ನೆಲ್ಲ ತುಂಬಿದ್ದರು. ಗುರುಪಾದಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ಪದಗಳು ಹಳೆಯ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮಾತ್ರ ತೆರೆಯುತ್ತಿದ್ದವು.

ಶಿಷ್ಯೆ ನೀಲಗಂಗಾ ಅದೇ ಕಂಪ್ಯೂಟರಿನಲ್ಲಿ, ಹಳೆಯದರ ಪಕ್ಕಕ್ಕೆ, ಆಶ್ರಮದ ಉಳಿದ ಕೆಲಸಗಳಿಗೆಂದು ಹೊಸ ಸಿಸ್ಟಮ್ ಒಂದನ್ನು ಹಾಕಿದಳು. ಗುರುಗಳು ಒಪ್ಪಿಯೇ ಇದ್ದರು.

ಕೆಲಸ ಮುಗಿಸಿ ಮತ್ತೆ ಚಾಲೂ ಮಾಡಿದಾಗ ಹೊಸದೊಂದೇ ಬಂತು. ಹಳೆಯದರ ಸುಳಿವೇ ಇಲ್ಲ.

ಮೂರು ದಿನ ಆಕೆ ಯಾರಿಗೂ ಹೇಳಲಿಲ್ಲ. ಗುರುಗಳು ಬಾಗಿಲಿಗೆ ಬಂದು ನಿಂತಾಗಲೆಲ್ಲ, "ಇನ್ನೂ ಮುಗಿದಿಲ್ರಿ ಅಜ್ಜಾರ" ಎನ್ನುತ್ತಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ಅವರ ಕಾಲಿಗೆ ಬಿದ್ದಳು.

"ಅಜ್ಜಾರ, ಪದಾ ಎಲ್ಲಾ ಹೋದವು. ನನ್ನ ಕೈಯಿಂದನ ಹೋದವು."

ಗುರುಗಳ ಮುಖ ಬಿಳಿಚಿತು.

"ಮೂರು ದಿನ ಯಾಕ ಹೇಳಲಿಲ್ಲ?"

"ನೀವು ದಿನಾ ಬಂದು, ನಿಂತು ನೋಡಿ ಹೋಗ್ತಿದ್ರಿ. ಹೆಂಗ ಹೇಳ್ಲಿ?"

"ಅಳಿಸಿ ಹೋಗ್ಯಾವೋ, ಇಲ್ಲಾ ಕಾಣವಲ್ವೋ?"

"ಗೊತ್ತಿಲ್ರಿ. ನೋಡಾಕ ಅಂಜಿಕಿ ಬಂತು."

ಹೊಳೆ ತುಂಬಿತ್ತು.

"ಇಲ್ಲಿ ಮೆಟ್ಲ ಎಷ್ಟದಾವ?" ಗುರುಗಳು ಕೇಳಿದರು.

"ಆರು ಕಾಣ್ತಾವ್ರಿ."

ಗುರುಗಳು ಆರನೆಯ ಮೆಟ್ಟಿಲು ದಾಟಿ ಕೆಂಪು ನೀರಿಗೆ ಕಾಲಿಟ್ಟರು. ಇನ್ನೊಂದು ಹೆಜ್ಜೆ ಇಳಿದರು. ನೀರು ಮೊಣಕಾಲಿಗೆ ಬಂತು. ಅಲ್ಲೇ, ನೀರಡಿಯ ಕಾಣದ ಮೆಟ್ಟಿಲ ಮೇಲೆ, ಗಟ್ಟಿಯಾಗಿ ನಿಂತು ಆಕೆಯನ್ನು ನೋಡಿದರು.

ನೀಲಗಂಗಾ ಎದ್ದು ಕೋಣೆಗೆ ಓಡಿದಳು.

ಕಂಪ್ಯೂಟರ್ ಚಾಲೂ ಆಗುವಾಗ ಯಾವ ಸಿಸ್ಟಮ್ಮನ್ನು ಕರೆಯಬೇಕೆಂದು ನೋಡುವ ಚಿಕ್ಕ ಪ್ರೋಗ್ರಾಮಿಗೆ ಬೂಟ್‌ಲೋಡರ್ ಎನ್ನುತ್ತಾರೆ. ಹೊಸ ಸಿಸ್ಟಮ್ ತನ್ನದೇ ಬೂಟ್‌ಲೋಡರನ್ನು ತಂದು ಕೂರಿಸಿತ್ತು. ಅದಕ್ಕೆ ಹಳೆಯದರ ಪರಿಚಯವಿರಲಿಲ್ಲ.

ಆಕೆ ಡಿಸ್ಕನ್ನು ತಡಕಿದಳು. ಹಳೆಯ ಭಾಗ ಇದ್ದಲ್ಲೇ ಇತ್ತು. ಅದು ಎಲ್ಲಿದೆಯೆಂದು ಬೂಟ್‌ಲೋಡರಿಗೆ ತಿಳಿಸಿ, ಮತ್ತೆ ಚಾಲೂ ಮಾಡಿದಳು.

ಕಪ್ಪು ಪರದೆಯ ಮೇಲೆ ಎರಡು ಹೆಸರು ಬಂದವು.

ಗುರುಗಳು ಒದ್ದೆ ಧೋತರದಲ್ಲೇ ಬಂದು ಪಕ್ಕದಲ್ಲಿ ಕುಳಿತಿದ್ದರು. ಆಕೆ ಹಳೆಯದನ್ನು ಆರಿಸಿದಳು. ಅದು ನಿಧಾನವಾಗಿ ತೆರೆಯತೊಡಗಿತು.

"ಇದು ತೆರಿಯೂದ್ರಾಗ ನಾವಿಬ್ಬರೂ ಚಾ ಕುಡದು ಮುಗಸ್ತಿದ್ವಿ," ಎಂದರು ಗುರುಗಳು. "ಗುರುಪಾದಪ್ಪ ಬಸಿಯೊಳಗ ಸುರಕೊಂಡು ಕುಡೀತಿದ್ದ. ಏನ್ ಸಪ್ಪಳ ಮಾಡ್ತಿದ್ದ!"

ಹಳೆಯ ಸಿಸ್ಟಮ್ಮಿನ ಸ್ವಾಗತದ ನಾದ ಮೊಳಗಿತು. ಗುರುಗಳು ಕಣ್ಣು ಮುಚ್ಚಿಕೊಂಡರು.

ಪದಗಳೆಲ್ಲ ಇದ್ದವು. ಕೊನೆಯ ಪದ ಅರ್ಧ ಸಾಲಿಗೆ ನಿಂತಿತ್ತು. ಅದರ ಕೆಳಗೆ ಗುರುಪಾದಪ್ಪ ಬರೆದಿದ್ದ: "ಉಳಿದದ್ದು ನಾಳೆ. ಅಡವಯ್ಯಗ ನೆಗಡಿ."

ಗುರುಗಳು ನಕ್ಕರು. ಆಮೇಲೆ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡರು.

ನೀಲಗಂಗಾ ಮೊದಲು ಪದಗಳ ನಕಲು ತೆಗೆದಿಟ್ಟಳು. ನಂತರ ಕೇಳಿದಳು:

"ಅಜ್ಜಾರ, ಪಟ್ಟಿ ಬಂದಾಗ ಯಾರೂ ಏನೂ ಒತ್ತಲಿಲ್ಲಂದ್ರ, ಐದು ಸೆಕೆಂಡಿಗೆ ಒಂದು ತಾನಾಗಿ ತೆರೀತದ. ಹಳೇದನ್ನ ಮೊದಲ ಇಡ್ಲೇನ್ರಿ?"

ಗುರುಗಳು ಆ ಅರ್ಧ ಸಾಲನ್ನು ಇನ್ನೊಮ್ಮೆ ಓದಿದರು.

"ಬ್ಯಾಡ. ಹೊಸದು ತಾನಾಗಿ ಬರಲಿ, ನಿನಗ ಕೆಲಸ ಅದಾವ. ಇದರ ಕಡಿಗೆ ನಾನ ಬರ್ತೀನಿ. ಆದ್ರ ಮೂವತ್ತು ಸೆಕೆಂಡ್ ಇಡವ್ವ, ನನ್ನ ಕೈ ಈಗ ನಿಧಾನ."