ನಾಯಕನ ಕಡೆ ತಿರುಗಿದ ಕೆಂಚಮಲ್ಲ

ನಮ್ಮಜ್ಜನ ಅಜ್ಜನಿಗೂ ಇನ್ನೂ ಹಾಲುಹಲ್ಲು ಮೂಡಿರದ ಕಾಲ. ಕರೇಗಲ್ಲು ಅಂತ ಒಂದೂರು, ಊರಿನ ನೆತ್ತಿಯ ಮೇಲೊಂದು ಕೋಟೆ, ಕೋಟೆಯೊಳಗೆ ಉಗ್ರಪ್ಪನಾಯಕ ಅಂತ ಒಬ್ಬ ಪಾಳೆಯಗಾರ ಇದ್ದನಂತೆ. ಅವನು ಹೇಳಿದ್ದೇ ನ್ಯಾಯ, ಕೆಮ್ಮಿದ್ದೇ ಕಟ್ಟಳೆ. ಊರಿಗೆಲ್ಲ ಅವನ ಹೆದರಿಕೆ, ಅವನಿಗೆ ಊರಿನ ಹೆದರಿಕೆ.

ಹಾಗಾಗಿ ಮೈಗಾವಲಿಗೆ ಕೆಂಚಮಲ್ಲನನ್ನು ಇಟ್ಟುಕೊಂಡನಂತೆ. ಕುರಿ ಕಾಯುವವರ ಮನೆಯ ಆಳು, ಬಾಗಿಲಿಗೆ ಅಡ್ಡ ನಿಂತರೆ ಗಾಳಿಯೂ ಒಳಗೆ ಬಾರದು ಅನ್ನುವಂಥ ಎದೆ. ಆಮೇಲೆ ಅವನ ಮೇಲೂ ಅನುಮಾನ ಬಂತು. ಅವನನ್ನು ನೋಡಿಕೊಳ್ಳಲು ಹತ್ತು ಮಂದಿ ಬಂದರು, ಆ ಹತ್ತು ಮಂದಿಯ ಮೇಲೆ ಕಣ್ಣಿಡಲು ಇನ್ನೂ ಮೂವತ್ತು.

ಆ ಕಾವಲಿಗೆ ಒಂದು ಕಟ್ಟಳೆಯಿತ್ತಂತೆ. ಊರಿನವರು ಯಾರೂ ನಾಯಕನಿಗೆ ಬೆನ್ನು ತೋರಿಸುವಂತಿಲ್ಲ. ಕಾವಲಿನವರು ಮಾತ್ರ ಅವನಿಗೆ ಬೆನ್ನು ಕೊಟ್ಟು, ಸುತ್ತುಗಟ್ಟಿ, ಹೊರಗೆ ಮುಖ ಮಾಡಿ ನಿಲ್ಲಬೇಕು. ಅಪಾಯ ಯಾವ ಕಡೆಯೋ ಅತ್ತ ಮುಖ, ಹಾಗಂತ ಕತ್ತಿ ಮುಟ್ಟಿ ಆಣೆ. ಯಾವನಾದರೂ ನಾಯಕನ ಕಡೆ ತಿರುಗಿದರೆ ಅವನ ಎಡಗಡೆಯವನು ಅಲ್ಲೇ ಕತ್ತಿ ಬೀಸಬೇಕು. ಹನ್ನೆರಡು ವರ್ಷ ಕೆಂಚಮಲ್ಲ ತಿರುಗಲಿಲ್ಲವಂತೆ. ಬೇಡಿಕೊಳ್ಳಲು ಬಂದವರ ಮುಖವೆಲ್ಲ ಅವನು ಕಂಡ. ನಾಯಕ ಕಂಡದ್ದು ಬರೀ ನಲವತ್ತೊಂದು ಬೆನ್ನು.

ಹೀಗಿರಲು ಸೂಲಗಿತ್ತಿ ಸಂಕವ್ವ ಸಂತೆಯಲ್ಲಿ ಬಾಯಿಬಿಟ್ಟಳಂತೆ. ನಾಯಕನೂ ಎಲ್ಲರ ಹಾಗೆ ಬೆತ್ತಲೆಯಾಗಿಯೇ ಬಂದ, ಅಳುತ್ತಲೇ ಬಂದ, ಹಿಡಿದವಳು ನಾನೇ ಅಲ್ಲವೇ ಅಂದಳಂತೆ. ಸಂತೆಯೆಲ್ಲ ನಕ್ಕಿತು. ನಕ್ಕ ಸುದ್ದಿ ಕೋಟೆ ಹತ್ತಿತು. ಮರುದಿನ ಬೆಳಗ್ಗೆ ಮುದುಕಿಯನ್ನು ಕೋಟೆಬಂಡೆಯ ಅಂಚಿಗೆ ತಂದು ನಿಲ್ಲಿಸಿದರು. ತಳ್ಳು ಅಂತ ಕೆಂಚಮಲ್ಲನಿಗೆ ಅಪ್ಪಣೆಯಾಯಿತು.

ಸಂಕವ್ವ ಅವನನ್ನು ನೋಡಿ ಅಂದದ್ದು ಇಷ್ಟೇ ಅಂತೆ: "ನೀನು ಕಾಲು ಮುಂದಾಗಿ ಹುಟ್ಟಿದೋನು ಕಣಪ್ಪಾ. ಎರಡು ದಿನ ಕೂತಿದ್ದೆ ನಿಮ್ಮವ್ವನ ಹತ್ರ."

ಕೆಂಚಮಲ್ಲ ಆಣೆ ಮುರಿಯುವ ಆಳಲ್ಲ. ಅಪಾಯ ಯಾವ ಕಡೆ ಅಂತ ತನ್ನನ್ನೇ ಕೇಳಿಕೊಂಡ, ಉತ್ತರ ಸಿಕ್ಕಿತು. ಸಿಕ್ಕಿದ ಮೇಲೆ ತಡಮಾಡಲಿಲ್ಲ, ನಾಯಕನ ಕಡೆ ತಿರುಗಿ ನಿಂತ. ಎಡಗಡೆಯಲ್ಲಿದ್ದ ಹೊನ್ನೂರ ಕಣ್ಣು ಮುಚ್ಚಿ ಕತ್ತಿ ಬೀಸಿದ. ಹೆಗಲು ಸೀಳಿತು, ರಕ್ತ ಕಾಲಿಗಿಳಿಯಿತು. ಕೆಂಚಮಲ್ಲ ಕತ್ತಿಗೆ ಕೈ ಹಾಕಲಿಲ್ಲ, ಕುಸಿಯಲಿಲ್ಲ, ತಿರುಗಿದವನು ತಿರುಗಿಯೇ ಇದ್ದ. ಎರಡನೇ ಏಟಿಗೆ ಹೊನ್ನೂರನ ಕೈ ಏಳಲಿಲ್ಲವಂತೆ. ಅವನೂ ತಿರುಗಿದ. ಅವನ ಎಡಗಡೆಯವನೂ ತಿರುಗಿದ. ಒಬ್ಬೊಬ್ಬರಾಗಿ ನಲವತ್ತೊಂದು ಮಂದಿಯೂ ತಿರುಗಿ ನಿಂತರಂತೆ.

ಯಾರೂ ನಾಯಕನನ್ನು ಮುಟ್ಟಲಿಲ್ಲ. ಅಷ್ಟು ಮುಖ ಒಟ್ಟಿಗೆ ನೋಡಿ ಅಭ್ಯಾಸವಿಲ್ಲದ ಮನುಷ್ಯ, ಪೇಟ ಬಿಟ್ಟು ಹಿಂದಿನ ದಿಡ್ಡಿಬಾಗಿಲಿನಿಂದ ಓಡಿಹೋದನಂತೆ. ಕೆಂಚಮಲ್ಲ ಅಲ್ಲಿಯವರೆಗೂ ನಿಂತಿದ್ದು, ಆಮೇಲೆ ಸಂಕವ್ವನ ಮಡಿಲಲ್ಲಿ ಪ್ರಾಣ ಬಿಟ್ಟ.

ಕರೇಗಲ್ಲಿನಲ್ಲಿ ಇವತ್ತಿಗೂ ಯಾರೇ ಹೊಸದಾಗಿ ಊರ ಯಜಮಾನಿಕೆಗೆ ಕೂರಲಿ, ಮೊದಲ ದಿನ ಒಬ್ಬ ಆಳು ಕೋಲು ಹಿಡಿದು ಎದುರಿಗೆ ನಿಲ್ಲುತ್ತಾನೆ. ಬೆನ್ನು ಜನರ ಕಡೆ, ಮುಖ ಯಜಮಾನನ ಕಡೆ. ಅವನು ನಿಂತಿರುವಷ್ಟು ಹೊತ್ತು ಯಜಮಾನ ಕಣ್ಣು ಕೆಳಗೆ ಹಾಕುವಂತಿಲ್ಲ. ಹಾಕಿದರೆ ಎಬ್ಬಿಸಿ ಮನೆಗೆ ಕಳಿಸುತ್ತಾರೆ. ಇಬ್ಬರನ್ನು ಕಳಿಸಿದ್ದು ನಾನೇ ನೋಡಿದ್ದೇನೆ.